ಮುಟ್ಟದ ಯಂತ್ರದ ಸಾಕ್ಷಿ

ಯಂತ್ರವೇನೋ ಬಾಯಿಬಿಟ್ಟಿತು, ಆದರೆ ಬಂದದ್ದು ಬರೀ ಕಸ. ಮಂದಾಕಿನಿ ಹೊಂಬಳಳ ಪರದೆಯ ಮೇಲೆ ಅಕ್ಷರವೂ ಅಲ್ಲದ, ಅಂಕಿಯೂ ಅಲ್ಲದ ಚಿಹ್ನೆಗಳು ಒಂದರ ಹಿಂದೊಂದು ಸುರಿದು ನಿಂತವು. ಬೇರೆ ಯಾರಾದರೂ ಆಗಿದ್ದರೆ, ಇಷ್ಟು ಹಳೆಯ ಯಂತ್ರ ಇಷ್ಟಾದರೂ ಉಸಿರಾಡಿತಲ್ಲ ಎಂದು ಖುಷಿಪಡುತ್ತಿದ್ದರು. ಮಂದಾಕಿನಿಗೆ ಸಂಶಯ ಬಂತು. ಸಂಶಯಪಡುವುದಕ್ಕೇ ಸರಕಾರ ಆಕೆಗೆ ಸಂಬಳ ಕೊಡುತ್ತಿತ್ತು. ಆಕೆಯಾದರೂ ಆ ಕೆಲಸವನ್ನು ಸಂಬಳಕ್ಕಿಂತ ಒಂದು ತೂಕ ಹೆಚ್ಚಾಗಿಯೇ ಮಾಡುತ್ತಿದ್ದಳು.

ಯಾರು ಬೇಕಾದರೂ ಯಾವ ಚಿತ್ರವನ್ನು ಬೇಕಾದರೂ ಹುಟ್ಟಿಸಬಹುದು ಎಂದಾದ ಮೇಲೆ ಕೋರ್ಟುಗಳು ಚಿತ್ರಗಳನ್ನು ನಂಬುವುದನ್ನು ಬಿಟ್ಟಿದ್ದವು. ಆಮೇಲೆ ಧ್ವನಿಯನ್ನು ಬಿಟ್ಟವು, ಕೊನೆಗೆ ಆಸ್ಪತ್ರೆಯ ದಾಖಲೆಗಳನ್ನೂ ಬಿಟ್ಟವು. ಹೀಗೆ ಬಿಡುತ್ತಾ ಬಿಡುತ್ತಾ ನಂಬಲು ಏನೂ ಉಳಿಯದಾದಾಗ ಒಂದು ಕಾಯಿದೆ ಬಂತು. ಯಾವ ಜಾಲಕ್ಕೂ ಸೇರದೆ, ಕೆಲಸದಿಂದ ನಿವೃತ್ತಿಯಾದ ಮೇಲೆ ಯಾರ ಕೈಯೂ ತಾಗದೆ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಕಂಪ್ಯೂಟರುಗಳ ನೆನಪನ್ನು ಮಾತ್ರ ಸಾಕ್ಷಿ ಎಂದು ಒಪ್ಪಬೇಕು. ಅಂಥವನ್ನು ಜನ ‘ಮುಟ್ಟದ ಯಂತ್ರ’ ಎನ್ನುತ್ತಿದ್ದರು. ಗುಜರಿಗೆ ಹೋಗಬೇಕಾದ ಡಬ್ಬಿಗಳು ಮುದ್ರೆ ಹಾಕಿಸಿಕೊಂಡು, ಪೊಲೀಸ್ ಕಾವಲಿನಲ್ಲಿ ಧಾರವಾಡದ ಸಾಕ್ಷ್ಯಾಲಯಕ್ಕೆ ಬಂದು ಕೂತವು. ಹಿಂದೆ ಹತ್ತಿ ಗೋದಾಮಾಗಿದ್ದ ಆ ಕಟ್ಟಡದಲ್ಲಿ ಮಂದಾಕಿನಿ ಅವುಗಳ ಬಾಯಿ ಬಿಡಿಸುತ್ತಿದ್ದಳು.

ಈಗ ಮೇಜಿನ ಮೇಲಿದ್ದದ್ದು ನೇರಳೆ ಬಣ್ಣದ ಒಂದು ಗ್ರಾಫಿಕ್ಸ್ ವರ್ಕ್‌ಸ್ಟೇಷನ್. ಒಂದು ಕಾಲಕ್ಕೆ ಊರಿನ ಆಸ್ಪತ್ರೆಯೊಂದರಲ್ಲಿ ಸ್ಕ್ಯಾನ್ ಮಾಡಿದ ತಲೆಬುರುಡೆಗಳನ್ನು ಪರದೆಯ ಮೇಲೆ ಗರಗರ ತಿರುಗಿಸಿ, ಎಲ್ಲಿ ಕೊಯ್ಯಬೇಕೆಂದು ಡಾಕ್ಟರರಿಗೆ ತೋರಿಸುತ್ತಿದ್ದ ಯಂತ್ರ ಅದು. ಈಗ ಅದರ ಪರದೆ ಸತ್ತಿತ್ತು. ಅದರ ಜೊತೆ ಮಾತನಾಡಲು ಉಳಿದಿದ್ದ ದಾರಿ ಒಂದೇ: ಬೆನ್ನ ಮೇಲಿನ ಸೀರಿಯಲ್ ಪೋರ್ಟು. ಎಂಟು ಪಿನ್ನಿನ ಗುಂಡನೆಯ ತೂತು ಅದು, ಅದರಲ್ಲಿ ಚಿತ್ರ ಬರುವುದಿಲ್ಲ, ಅಕ್ಷರ ಬರುತ್ತವೆ. ಮುಂಭಾಗದ ನೆತ್ತಿಯಲ್ಲಿ ಒಂದು ಕೆಂಪು ಕಲೆಯಿತ್ತು. ತುಕ್ಕು ಎಂದುಕೊಂಡಳು. ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುವುದಿಲ್ಲ ಎನ್ನುವುದು ಆಗ ಹೊಳೆಯಲಿಲ್ಲ.

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಇಬ್ಬರು ಕೂತಿದ್ದರು. ಎಪ್ಪತ್ತು ದಾಟಿದ ಇಂದುಮತಿ ಯಲಿಗಾರ ಈ ತುದಿಗೆ, ಪರಶು ಎಂಬ ನಡುವಯಸ್ಸಿನ ಗಂಡಸು ಆ ತುದಿಗೆ. ನಡುವೆ ಇನ್ನಿಬ್ಬರು ಕೂರುವಷ್ಟು ಜಾಗ.

ಅದೇ ಆಸ್ಪತ್ರೆಯಲ್ಲಿ ಎಕ್ಸ್‌ರೇ ಫಿಲ್ಮ್ ತೊಳೆಯುತ್ತಿದ್ದೆ ಎಂದು ಇಂದುಮತಿ ಹೇಳಿದ್ದಳು. ಅವಳೂ ಅವಳ ಗಂಡನೂ ಅನಾಥಾಲಯದಿಂದ ಒಬ್ಬ ಹುಡುಗನನ್ನು ತಂದು ಸಾಕಿದ್ದರು. ಮೇಲ್ದುಟಿ, ಮೇಲ್ದವಡೆ ಸೀಳಿ ಹುಟ್ಟಿದ್ದ ಚಿದು. ಶಸ್ತ್ರಕ್ರಿಯೆಗೆ ಮೊದಲು ಅವನ ತಲೆಯನ್ನು ಸ್ಕ್ಯಾನ್ ಮಾಡಿದ್ದು ಇದೇ ಯಂತ್ರಕ್ಕೆ ಸೇರಿತ್ತು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಆ ಹುಡುಗ ಹುಬ್ಬಳ್ಳಿ ಸ್ಟೇಶನ್ನಿನ ಗದ್ದಲದಲ್ಲಿ ಕೈತಪ್ಪಿದ, ಮತ್ತೆ ಸಿಗಲಿಲ್ಲ. ಬೆಳೆದ ಮಗನ ಮುಖ ಹೇಗಿದೆಯೋ, ತನ್ನದಾದರೂ ಅವನಿಗೆ ಗುರುತು ಸಿಗಲಿ ಎಂದು ಇಂದುಮತಿ ಪ್ರತಿ ವರ್ಷ ತನ್ನ ಆಗಿನ ಫೋಟೋ ಹಾಕಿ ಪ್ರಕಟಣೆ ಅಂಟಿಸುತ್ತಿದ್ದಳು. ಹೋದ ವರ್ಷ ಅದನ್ನು ಮಿರಜದಲ್ಲಿ ನೋಡಿದ ಪರಶು ಬಂದು ಬಾಗಿಲಲ್ಲಿ ನಿಂತ. ಮೇಲ್ದುಟಿಯ ಮೇಲೆ ಹೊಲಿಗೆಯ ಗುರುತು. ಪರಶು ಎಂಬ ಹೆಸರು ಆಮೇಲೆ ಯಾರೋ ಇಟ್ಟದ್ದು. ಅವನಿಗೆ ಬಾಲ್ಯದ್ದೆಂದು ನೆನಪಿದ್ದದ್ದು ಒಂದೇ: ಇದೇ ಮುಖದ ಹೆಂಗಸು ಅವನನ್ನು ಎತ್ತಿಕೊಂಡು, ಟಿವಿಯಂಥದ್ದರಲ್ಲಿ ಅವನದೇ ತಲೆ ತಿರುಗುವುದನ್ನು ತೋರಿಸಿ, ಅಳಬೇಡ ಎಂದು ಪೆಪ್ಪರಮಿಂಟು ಕೊಟ್ಟದ್ದು.

ಸಾಕಿದ ಮಗನಾದ್ದರಿಂದ ರಕ್ತ ಪರೀಕ್ಷೆ ಮಾಡಿ ಉಪಯೋಗವಿಲ್ಲ, ತಾಳೆ ನೋಡಲು ರಕ್ತಸಂಬಂಧಿಗಳೇ ಇಲ್ಲ. ಈ ಯಂತ್ರ ಹೌದೆಂದರೆ, ಯಾರು ಯಾರೆಂದು ತೀರ್ಮಾನಿಸುವ ಸರಕಾರದ ಗುರುತು ಮಂಡಳಿ ಪರಶುವಿಗೆ ಚಿದುವಿನ ಹೆಸರು ಕೊಡುತ್ತದೆ, ಮನೆ ಸಿಗುತ್ತದೆ, ಇಂದುಮತಿಗೆ ಮಗ ಸಿಗುತ್ತಾನೆ. ಅಲ್ಲವೆಂದರೆ ಅವನು ಎದ್ದು ಹೋಗಬೇಕು. ಅಲ್ಲಿಯವರೆಗೆ ಇಂದುಮತಿ ಅವನಿಗೆ ಊಟ ಹಾಕುತ್ತಿದ್ದಳು, ಹೊರಗಿನ ಕಟ್ಟೆಯ ಮೇಲೆ ಮಲಗಲು ಚಾಪೆ ಕೊಟ್ಟಿದ್ದಳು, ಒಳಗೆ ಮಾತ್ರ ಕರೆದಿರಲಿಲ್ಲ. ಹೆಸರು ಹಿಡಿದು ಕೂಗಿಯೂ ಇರಲಿಲ್ಲ.

ಮಂದಾಕಿನಿ ಕೇಬಲ್ಲನ್ನು ಮತ್ತೊಮ್ಮೆ ನೋಡಿದಳು. ಸೀರಿಯಲ್ ಜೋಡಣೆಯಲ್ಲಿ ಎಡವುವ ಜಾಗಗಳು ಎರಡೇ. ಒಂದು, ತಂತಿಯ ಜೋಡಣೆ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಸೇರಬೇಕು, ಅದಕ್ಕೆ ಕೇಬಲ್ಲಿನೊಳಗೆ ತಂತಿಗಳು ಅಡ್ಡಹಾಯಬೇಕು. ನೇರವಾಗಿ ಹೋದರೆ ಬಾಯಿಗೆ ಬಾಯಿ ಸೇರಿ ಇಬ್ಬರೂ ಮಾತಾಡುತ್ತಾರೆ, ಕೇಳುವವರು ಯಾರೂ ಇರುವುದಿಲ್ಲ, ಪರದೆ ಬರಿದಾಗಿ ಉಳಿಯುತ್ತದೆ. ಇಲ್ಲಿ ಕಸವಾದರೂ ಬಂದಿದೆ, ಅಂದರೆ ತಂತಿ ಸರಿಯಿದೆ. ಎರಡನೆಯದು ವೇಗ. ಎರಡೂ ಕಡೆ ಒಂದೇ ವೇಗದಲ್ಲಿ ಮಾತಾಡದಿದ್ದರೆ ಹೀಗೇ ಕಸ ಸುರಿಯುತ್ತದೆ. ಈ ಜಾತಿಯ ಯಂತ್ರಗಳು ಕಾರ್ಖಾನೆಯಿಂದ ಹೊರಡುವಾಗ ಸೆಕೆಂಡಿಗೆ ಒಂಬತ್ತು ಸಾವಿರದ ಆರುನೂರು ಬಿಟ್‌ಗಳ ವೇಗಕ್ಕೆ ಹೊಂದಿಸಿಕೊಂಡಿರುತ್ತವೆ. ಆಕೆ ಇಟ್ಟದ್ದೂ ಅದೇ ವೇಗ.

ಹಾಗಾದರೆ ಇದು ಬೇರೆ ವೇಗದಲ್ಲಿ ಮಾತಾಡುತ್ತಿದೆ. ಆಸ್ಪತ್ರೆಯಲ್ಲಿ ಯಾರೋ ಆಗಲೇ ಬದಲಿಸಿದ್ದರು ಎನ್ನೋಣವೇ? ಹಾಗೆ ಬದಲಿಸಿದ್ದನ್ನು ನೆನಪಿಟ್ಟುಕೊಳ್ಳಲು ಯಂತ್ರದ ಹೊಟ್ಟೆಯಲ್ಲಿ ಒಂದು ಪುಟ್ಟ ಬ್ಯಾಟರಿ ಇರುತ್ತದೆ. ಅದರ ಆಯುಷ್ಯ ಹತ್ತು ಹನ್ನೆರಡು ವರ್ಷ. ಬ್ಯಾಟರಿ ಸತ್ತರೆ ಯಂತ್ರ ಎಲ್ಲವನ್ನೂ ಮರೆತು ಹುಟ್ಟಿದ ದಿನದ ವೇಗಕ್ಕೆ ಮರಳುತ್ತದೆ. ಇದು ನಿವೃತ್ತಿಯಾಗಿ ಮೂವತ್ತು ವರ್ಷಗಳ ಮೇಲಾಯಿತು. ಮರೆತಿರಬೇಕಾದ ಯಂತ್ರ ಮರೆತಿಲ್ಲ.

ಒಂದೊಂದೇ ವೇಗ ಹಾಕುತ್ತಾ ಬಂದಳು. ಎರಡು ಸಾವಿರದ ನಾನೂರಕ್ಕೆ ಇಳಿಸಿದಾಗ ಕಸ ಹೋಗಿ ಅಚ್ಚುಕಟ್ಟಾದ ಸಾಲುಗಳು ಮೂಡಿದವು. ಆಮೆಯ ವೇಗ ಅದು. ಆಸ್ಪತ್ರೆಯ ಕಾಲದಲ್ಲೂ ಯಾರೂ ಅಷ್ಟು ನಿಧಾನಕ್ಕೆ ಇಟ್ಟಿರಲಾರರು.

‘ಯಾರೋ ಕೈ ಆಡಿಸ್ಯಾರ,’ ಎಂದು ತನಗೆ ತಾನೇ ಹೇಳಿಕೊಂಡಳು. ಮುದ್ರೆ ಮುರಿದಿರಲಿಲ್ಲ. ಹಾಗಾದರೆ ಮುದ್ರೆ ಬೀಳುವುದಕ್ಕೂ ಮೊದಲು, ಆಸ್ಪತ್ರೆಯ ಉಗ್ರಾಣದಲ್ಲಿದ್ದಾಗಲೇ ಯಾರೋ ಬಿಚ್ಚಿ ಹೊಸ ಬ್ಯಾಟರಿ ಹಾಕಿದ್ದಾರೆ. ಬ್ಯಾಟರಿ ಹಾಕಿದವರು ಒಳಗಿನ ಸ್ಕ್ಯಾನನ್ನೂ ಬದಲಿಸಿರಬಹುದು. ಚಿದುವಿನ ತಲೆಯ ಜಾಗದಲ್ಲಿ ತಮ್ಮ ತಲೆ ಇಟ್ಟಿರಬಹುದು.

ಕಿಟಕಿಯಿಂದ ಬೆಂಚಿನ ಕಡೆ ನೋಡಿದಳು. ಪರಶು ಮುರಿದ ಚಪ್ಪಲಿಗೆ ತಂತಿ ಸುತ್ತಿ ಸರಿಮಾಡುತ್ತಿದ್ದ. ಹೊಟ್ಟೆಪಾಡಿಗೆ ಫ್ಯಾನು, ಮೋಟಾರು ರಿಪೇರಿ ಮಾಡುತ್ತೇನೆ ಎಂದು ಅವನೇ ಹೇಳಿದ್ದ. ಬೆರಳ ತುದಿಗಳಲ್ಲಿ ಬೆಸುಗೆಯ ಸುಟ್ಟ ಗುರುತುಗಳಿದ್ದವು.

ಸಿಕ್ಕಿಬಿದ್ದ ಅಂದುಕೊಂಡಳು.

*

ಸಂಶಯ ಆಫೀಸಿನಲ್ಲೇ ಉಳಿಯುವ ಪದಾರ್ಥವಲ್ಲ. ಆ ಕಾಲದಲ್ಲಿ ಪ್ರತಿ ಮನೆಗೂ ಒಂದು ‘ಹೊಸ್ತಿಲ ಮಾತು’ ಇರುತ್ತಿತ್ತು. ಧ್ವನಿ ಬಿಡಿ, ಮುಖವನ್ನೇ ಅಚ್ಚು ಹಾಕಿ ಕೊಡುವ ಅಂಗಡಿಗಳು ಗಲ್ಲಿಗೊಂದು ಆದಮೇಲೆ ಹುಟ್ಟಿದ ರಿವಾಜು ಅದು. ವಾರಕ್ಕೊಮ್ಮೆ ಮನೆಯ ಹಿರಿಯರು ಒಂದು ಮಾತು ಆರಿಸಿ ಮನೆಯವರ ಕಿವಿಯಲ್ಲಿ ಹೇಳುತ್ತಿದ್ದರು. ಬಾಗಿಲು ಬಡಿದವರು ಅದನ್ನು ಹೇಳಿದರೆ ಮಾತ್ರ ಒಳಗೆ. ಯಾರಾದರೂ ಹೊಸ್ತಿಲ ಮಾತು ಹೇಳಿಕೊಡುತ್ತಿದ್ದರೆ ಹೊರಗಿನವರು ಬೆನ್ನು ತಿರುಗಿಸಿ ನಿಲ್ಲುವುದು ಮರ್ಯಾದೆ. ಬೇರೆಯವರು ಸೊಸೆಗೋ ಮಗನಿಗೋ ಕಂಡೂ ಕಾಣದಂತೆ ರಿಯಾಯಿತಿ ಕೊಡುತ್ತಿದ್ದರು, ಮಂದಾಕಿನಿಯ ಮನೆಯಲ್ಲಿ ಅದಿರಲಿಲ್ಲ.

ಅಂದು ಸಂಜೆ ಬಾಗಿಲು ಬಡಿದ ಸದ್ದಾಯಿತು.

“ಯಾರು?”

“ಅವ್ವಾ, ನಾನು.” ಮಗಳು ಇಂಚರಳ ಧ್ವನಿ, ಆದರೆ ಒಡೆದ ಧ್ವನಿ.

“ಮಾತು ಹೇಳು.”

“ಅವ್ವಾ, ಗಂಟಲಾ ಭಾಳ ನೋಯ್ಲಿಕತ್ತೈತಿ. ತಲಿ ಓಡವಲ್ದು. ಹೀರಿಕಾಯಿನೋ ಏನೋ ಇತ್ತು.”

“ಹೀರಿಕಾಯಿ ಹೋದ ವಾರದ್ದು.”

“ತಗಿಯವ್ವಾ!”

ಮಂದಾಕಿನಿ ಕಿಂಡಿಯಲ್ಲಿ ಇಣುಕಿದಳು. ಮಗಳ ಮುಖವೇ. ಮುಖದ್ದೇನು ಮಹಾ. ಚಿಲಕದ ಮೇಲೆ ಕೈ ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಆ ಕಡೆ ಹುಡುಗಿ ಬಡಿಯುವುದನ್ನು ಬಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಗಂಡ ಮೋಹನ ಕೈಚೀಲ ಹಿಡಿದು ಬಂದವನು ಹೊರಗಿನಿಂದಲೇ ಕೂಗಿದ: “ಬದನಿಕಾಯಿ! ತಗೀತಿಯೋ ಇಲ್ಲೋ ಬಾಗ್ಲಾ? ಕೂಸಿನ ಮೈ ಕೆಂಡ ಆಗೇತಿ!”

ಇಂಚರ ಮೆಟ್ಟಿಲ ಮೇಲೆ ಮೊಣಕಾಲಿಗೆ ಹಣೆ ಹಚ್ಚಿ ಕೂತಿದ್ದಳು. ತಾಯಿ ಎತ್ತಲು ಹೋದರೆ ಕೈ ಕೊಡವಿಕೊಂಡು ಅಪ್ಪನ ಹಿಂದೆ ಒಳಗೆ ಹೋದಳು.

“ನಿಂಗ ಹೆಂಗ ಗೊತ್ತಾತು ಆಕೀನ ಅಂತ?” ಎಂದು ಕೇಳಿದಳು ಮಂದಾಕಿನಿ. ಕೇಳಬಾರದಿತ್ತು ಎಂದು ಕೇಳಿದ ಕ್ಷಣವೇ ಅನಿಸಿತು.

ಮೋಹನ ಜ್ವರದ ಗುಳಿಗೆ ಹುಡುಕುತ್ತಾ ಹೇಳಿದ: “ಜ್ವರಾ ಬಂದ ಹುಡುಗಿಗೆ ಮರವು ಬರೂದ ಖರೆ. ಎಲ್ಲಾ ನೆಟ್ಟಗ ಹೇಳಿದ್ರ ನೀ ಸಂಶೇ ಪಡಬೇಕಾಗಿತ್ತು. ನೀ ಮೆಷೀನಿಗೆ ಕೇಳಿದಂಗ ಮಕ್ಕಳಿಗೂ ಕೇಳ್ತಿ ನೋಡು.”

ಮಂದಾಕಿನಿಗೆ ನಾಚಿಕೆಯಾಯಿತು. ಒದ್ದೆ ಬಟ್ಟೆ ತಂದು ಮಗಳ ಹಣೆಯ ಮೇಲಿಟ್ಟಳು. ಇಂಚರ ಕಣ್ಣು ತೆರೆಯಲಿಲ್ಲ, ಬಟ್ಟೆಯನ್ನು ತೆಗೆದು ಎಸೆಯಲೂ ಇಲ್ಲ. ಅಷ್ಟೇ ದೊಡ್ಡ ಸಮಾಧಾನ.

*

ಮರುದಿನ ಪರಶುವಿಗೆ ಬಲೆ ಹೂಡಿದಳು. ಅರ್ಜಿದಾರರ ಎದುರಲ್ಲೇ ಯಂತ್ರ ಜೋಡಿಸುವ ನಿಯಮವಿದೆ ಎಂದು ಸುಳ್ಳು ಹೇಳಿ ಇಬ್ಬರನ್ನೂ ಒಳಗೆ ಕರೆದಳು. ಇಂದುಮತಿ ಗೋಡೆ ಬದಿಯ ಕುರ್ಚಿಯಲ್ಲಿ ಕೂತಳು. ಮೇಜಿನ ಮೇಲೆ ಎರಡು ಕೇಬಲ್. ಎರಡರ ಮೂತಿಯಲ್ಲೂ ಎಂಟು ಪಿನ್, ಎರಡೂ ಆ ತೂತಿಗೆ ಸರಿಯಾಗಿ ಕೂಡುತ್ತವೆ, ಹಿಡಿದು ಚುಚ್ಚುವ ತಲೆಯ ಆಕಾರವಷ್ಟೇ ಬೇರೆ. ಒಂದು ಈ ಯಂತ್ರದ್ದು. ಇನ್ನೊಂದು ಬೇರೆಯೇ ಕಂಪನಿಯ ಕಂಪ್ಯೂಟರಿನದು, ಒಳಗಿನ ತಂತಿಗಳ ಸರಣಿ ಬೇರೆ. ಈ ಯಂತ್ರವನ್ನು ಮೊದಲೇ ಬಿಚ್ಚಿದವನಾದರೆ ಕೈ ತಾನಾಗಿ ಸರಿಯಾದದ್ದಕ್ಕೇ ಹೋಗುತ್ತದೆ ಎಂದು ಆಕೆಯ ಲೆಕ್ಕಾಚಾರ.

“ಕರೆಂಟಿನ ಕೆಲಸಾ ಬರ್ತೈತಿ ಅಂದಿದ್ರೆಲ್ಲಾ ಪರಶು ಅವ್ರ. ಇದನ್ನಷ್ಟು ಹಚ್ಚಿ ಕೊಡ್ರಿ, ನನ್ನ ಕೈ ಅಲ್ಲಿ ತನಕಾ ಹೋಗವಲ್ದು.”

ಪರಶು ಎರಡೂ ಕೇಬಲ್ ತಿರುಗಿಸಿ ನೋಡಿ, ಹತ್ತಿರ ಇದ್ದದ್ದನ್ನು ಎತ್ತಿಕೊಂಡ. ಯಂತ್ರದ ಬೆನ್ನ ಹಿಂದೆ ತಡಕಾಡಿ ತೂತಿಗೆ ಸೇರಿಸಿ, “ಕುಂತಿತು ನೋಡ್ರಿ ಬಾಯಾರ,” ಎಂದ. ಮುಖದಲ್ಲಿ ಪಾಸಾದ ಹುಡುಗನ ಸಂತೋಷ.

“ಅದಲ್ಲೋ,” ಎಂದಳು ಇಂದುಮತಿ. “ಅದರ ತಲಿ ಗುಂಡಗ ಐತಿ, ಬ್ಯಾರೆ ಕಂಪನೀದು. ಕೂಡೂದೇನೋ ಕೂಡ್ತೈತಿ, ಮಾತಾಡಂಗಿಲ್ಲ. ಆ ಚಪ್ಪಟಿ ತಲೀದು ತಗೋ.”

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನೆಂದು ಆ ಮುದುಕಿಗೆ ಅರಿವಾಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೆಲ ನೋಡಿದಳು.

ಮಂದಾಕಿನಿ ಇಷ್ಟು ಹೊತ್ತೂ ತಪ್ಪು ಮುಖವನ್ನು ಕಾಯುತ್ತಾ ಕೂತಿದ್ದಳು. “ಪರಶು ಅವ್ರ, ನೀವು ಸ್ವಲ್ಪ ಹೊರಗ ಕೂಡ್ರಿ,” ಎಂದಳು. ಅವನು ಇಬ್ಬರ ಮುಖವನ್ನೂ ನೋಡಿ, ತನ್ನಿಂದ ಏನೋ ಕೆಟ್ಟಿತೆಂದುಕೊಂಡು ಹೊರಗೆ ಹೋದ.

“ಅಮ್ಮಾರ, ಆಸ್ಪತ್ರ್ಯಾಗ ಎಕ್ಸ್‌ರೇ ಫಿಲ್ಮ್ ತೊಳಿಯೂ ಕೆಲಸಾ ಮಾಡ್ತಿದ್ದೆ ಅಂತ ಹೇಳಿದ್ರಿ.”

“ಮದಲ ಅದನ್ನ ಮಾಡ್ತಿದ್ದೆ. ಆಮ್ಯಾಲ ಈ ಮೆಷೀನ್ ಬಂತು. ಮುಂಬೈದಿಂದ ಬಂದವ್ರು ನಂಗ ಕಲಿಸಿ ಹೋದ್ರು. ಕಡೀತನಕಾ ಇದರ ಮುಂದ ಕುಂತಾಕಿ ನಾನ.” ಇಂದುಮತಿ ತಲೆಯೆತ್ತಿದಳು. “ಅದನ್ನ ಹೇಳಿದ್ರ ನೀವು ಪರೀಕ್ಷಾನ ಮಾಡ್ತಿದ್ದಿಲ್ಲ.”

“ಬ್ಯಾಟರಿ?”

“ನಾನ ಹಾಕೇನಿ.”

ಇಂದುಮತಿ ಹೇಳಿದಳು. ಯಂತ್ರ ಉಗ್ರಾಣ ಸೇರಿದ ಮೇಲೂ ವರ್ಷಕ್ಕೊಮ್ಮೆ, ಮಹಾನವಮಿಯ ಆಯುಧಪೂಜೆಗೆ, ಊರ ಮಾತಿನಲ್ಲಿ ಖಂಡೇ ಪೂಜೆಗೆ, ಆಸ್ಪತ್ರೆಯವರು ಎಲ್ಲ ಕೋಣೆಗಳನ್ನೂ ತೆಗೆದು ಗುಡಿಸುತ್ತಿದ್ದರು. ತಕ್ಕಡಿಯಿಂದ ಹಿಡಿದು ಆಂಬುಲೆನ್ಸಿನವರೆಗೆ ಎಲ್ಲಕ್ಕೂ ಕುಂಕುಮ, ಹೂವು. ಕೆಲಸ ಬಿಟ್ಟವರೂ ಬಂದು ಕಾಯಿ ಒಡೆಸಿಕೊಂಡು ಹೋಗುವುದು ವಾಡಿಕೆ. ಇಂದುಮತಿಯೂ ಹೋಗುತ್ತಿದ್ದಳು. ತನ್ನ ಯಂತ್ರಕ್ಕೆ ಕುಂಕುಮ ಹಚ್ಚಿ, ಎಲ್ಲರೂ ಮಂಡಕ್ಕಿ ತಿನ್ನಲು ಹೋದಾಗ ಸ್ವಿಚ್ಚು ಒತ್ತಿ, ಕಳೆದುಹೋದ ಮಗನ ತಲೆಯನ್ನು ಒಂದು ಸುತ್ತು ತಿರುಗಿಸಿ ನೋಡಿ ಬರುತ್ತಿದ್ದಳು.

“ಒಂದ ವರ್ಷ ಹಚ್ಚಿದ್ರ ಅದಕ್ಕ ಎಲ್ಲಾ ಮರತು ಹೋಗಿತ್ತು. ಡಿಸ್ಕ್ ಎಲ್ಲೈತಿ ಅನ್ನೂದೂ ನೆನಪಿಲ್ಲ. ಬರೇ ಪ್ರಶ್ನೆ ಕೇಳ್ತಿತ್ತು. ಚಿಪ್ಪಿನ ಮ್ಯಾಲ ಕೊರದು, ಒಂದ ಗಡಿಯಾರದ ಸೆಲ್ ಬೆಸದೆ. ಮುಂದ ಮತ್ತೊಮ್ಮೆ ಬದಲಿ ಮಾಡಿದೆ. ಆಮ್ಯಾಲ ಪರದೆನೂ ಹೋತು. ಫೋನಿನ ವೈರಿಲೆ ನಾನ ಕೇಬಲ್ ಮಾಡಿ ಹಳೇ ಲ್ಯಾಪ್‌ಟಾಪಿಗೆ ಹಚ್ಚಿದೆ. ಜೋರ ಇಟ್ರ ಅಕ್ಷರಾ ಉದುರ್ತಿದ್ವು, ಅದಕ್ಕ ನಿಧಾನಾ ಇಟ್ಟೆ. ಮಾರಿ ಕಾಣ್ತಿದ್ದಿಲ್ಲ ಖರೆ. ಹೆಸರಷ್ಟ ಬರ್ತಿತ್ತು. ಹೆಸರು ಐತಿ ಅಂದ್ರ ಹುಡುಗ ಅದಾನ ಅಂತ ತಿಳದು ಮನಿಗೆ ಬರ್ತಿದ್ದೆ.”

ನೆತ್ತಿಯ ಮೇಲಿನ ಕೆಂಪು ಕಲೆ ತುಕ್ಕಲ್ಲ ಎಂದು ಮಂದಾಕಿನಿಗೆ ಈಗ ಅರ್ಥವಾಯಿತು. ಇನ್ನೊಂದೂ ಅರ್ಥವಾಯಿತು. ಇಷ್ಟು ವರ್ಷ ತಿರುಗದೆ ಬಿದ್ದ ಡಿಸ್ಕು ಅಂಟಿಕೊಂಡು ಸತ್ತುಹೋಗುತ್ತದೆ, ಅಂಥವನ್ನು ಆಕೆ ಎಷ್ಟೋ ಕಂಡಿದ್ದಾಳೆ. ಈ ಹೆಂಗಸು ವರ್ಷಕ್ಕೊಮ್ಮೆ ಮುಟ್ಟಿದ್ದರಿಂದಲೇ ಇದು ಬದುಕಿದೆ, ಮುಟ್ಟಿದ್ದರಿಂದಲೇ ಇದರ ಸಾಕ್ಷಿ ನಡೆಯುವುದಿಲ್ಲ.

“ಮುಟ್ಟಿದ ಯಂತ್ರ ಅಂತ ನಾ ಬರೀಲೇಬೇಕು ಅಮ್ಮಾರ. ಒಳಗಿಂದು ನೋಡೂದಕ್ಕೂ ನಿಯಮಿಲ್ಲ.”

“ಬರೀರಿ. ಬ್ಯಾಡ ಅನ್ನಂಗಿಲ್ಲ.” ಇಂದುಮತಿ ಯಂತ್ರದ ಕಡೆ ನೋಡಿದಳು. “ಆದ್ರ ನೀವೊಮ್ಮೆ ನೋಡ್ರಿ. ಒಂದ ವರ್ಷಾತು, ಕಟ್ಟಿ ಮ್ಯಾಲ ಮಲಗಿದಾವ ಕೆಮ್ಮಿದ್ರ ನಂಗ ಎಚ್ಚರಾಗ್ತೈತಿ. ನನ್ನ ಮಗನ್ನ ಹೊರಗ ಹಾಕೀನೋ, ಯಾವನೋ ಕಳ್ಳಗ ಅನ್ನಾ ಹಾಕ್ಲಿಕತ್ತೀನೋ, ತಿಳೀವಲ್ದು. ಎರಡರಾಗ ಯಾವುದು ಕೆಟ್ಟದ್ದು ಅದೂ ತಿಳೀವಲ್ದು.”

ಮಂದಾಕಿನಿಗೆ ಮೆಟ್ಟಿಲ ಮೇಲೆ ಮೊಣಕಾಲಿಗೆ ಹಣೆ ಹಚ್ಚಿ ಕೂತ ಹುಡುಗಿ ಕಣ್ಣ ಮುಂದೆ ಬಂದಳು. “ಹೊರಗ ಕೂಡ್ರಿ,” ಎಂದಷ್ಟೇ ಹೇಳಿ, ಚಪ್ಪಟೆ ತಲೆಯ ಕೇಬಲ್ ಕೈಗೆತ್ತಿಕೊಂಡಳು. ತನ್ನ ಕೆಲಸದಲ್ಲಿ ಆಕೆ ನಿಯಮ ಮುರಿದದ್ದು ಅದೇ ಮೊದಲು.

*

ಮನುಷ್ಯನ ದವಡೆ ಬೆಳೆಯುತ್ತದೆ, ಹಲ್ಲು ಬಿದ್ದು ಹುಟ್ಟುತ್ತವೆ, ಮುಖವಂತೂ ತಾಯಿಗೇ ಗುರುತು ಸಿಗದಷ್ಟು ಬದಲಾಗುತ್ತದೆ. ಆದರೆ ಒಳಗಿವಿಯ ಮೂಳೆ ಮಗು ಹೊಟ್ಟೆಯಲ್ಲಿರುವಾಗಲೇ ಪೂರ್ತಿ ಬೆಳೆದು ನಿಂತುಬಿಡುತ್ತದೆ. ಮೂರು ಅರ್ಧ ಬಳೆಗಳು, ಒಂದು ಬಸವನಹುಳದ ಚಿಪ್ಪು. ಒಬ್ಬರದು ಇನ್ನೊಬ್ಬರ ಹಾಗಿರುವುದಿಲ್ಲ, ಐದು ವರ್ಷದವನಿಗೂ ಐವತ್ತರವನಿಗೂ ಅದು ಅದೇ. ಸ್ಕ್ಯಾನಿನ ಪದರಗಳಲ್ಲಿ ಕಿವಿ ಇರುವ ಕೆಲವನ್ನು ಮಾತ್ರ ಹೊರಗೆಳೆದು, ಅರ್ಜಿಯ ಜೊತೆ ಬಂದಿದ್ದ ಪರಶುವಿನ ಈಗಿನ ಸ್ಕ್ಯಾನಿನ ಮೇಲೆ ಇಟ್ಟು ನೋಡಿದರೆ ಸಾಕು.

ಅಕ್ಷರವೇ ಬರುವ ದಾರಿಯಲ್ಲಿ ಚಿತ್ರವನ್ನು ಅಂಕಿಗಳಾಗಿ ಎಳೆಯಬೇಕು. ಒಂದು ಪದರ ಬರಲು ಒಂದು ಊಟ ಮಾಡಿ ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ವೇಗ ಏರಿಸಬಹುದಿತ್ತು, ಮಂದಾಕಿನಿ ಏರಿಸಲಿಲ್ಲ. ಇನ್ನೊಬ್ಬರು ಅಕ್ಷರ ಉದುರದಿರಲೆಂದು ಇಟ್ಟ ವೇಗ ಅದು, ಇರಲಿ ಅನಿಸಿತು. ದಿನವಿಡೀ ಅಂಕಿಗಳು ಹನಿದವು. 

ಡಿಸ್ಕಿನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಕೊನೆಗಾಲದಲ್ಲಿ ಬಹುಪಾಲು ಅಳಿಸಿದ್ದರು. ಒಂದರ ಕೆಳಗೊಂದು ಎರಡೇ ಹೆಸರು: ಚಿದು, ಬಾಳು. ಎರಡೂ ಒಂದೇ ದಿನದವು.

ಮರುದಿನ ಮಧ್ಯಾಹ್ನ ಚಿದುವಿನ ಕಿವಿ ಪರದೆಯ ಮೇಲೆ ಮೂಡಿತು. ಪರಶುವಿನ ಕಿವಿಯನ್ನು ಅದರ ಮೇಲಿಟ್ಟಳು. ತಿರುಗಿಸಿದಳು, ಸರಿಸಿದಳು. ಹೊಂದಲಿಲ್ಲ. ಬಳೆಗಳು ಒಂದನ್ನೊಂದು ಕತ್ತರಿಸಿ ದೂರ ಹೋದವು. ಕಣ್ಣಿಗೆ ಹೊಡೆಯುವಷ್ಟು ಬೇರೆ.

ಇವನು ಚಿದು ಅಲ್ಲ.

ಎಷ್ಟೋ ಮೋಸಗಾರರನ್ನು ಹಿಡಿದ ಮಂದಾಕಿನಿಗೆ ಈ ಸಲ ಗೆದ್ದೆ ಅನಿಸಲಿಲ್ಲ. ಪಡಸಾಲೆಯಲ್ಲಿ ಪರಶು ಇಂದುಮತಿಯ ಕನ್ನಡಕದ ಸಡಿಲ ಕಡ್ಡಿಗೆ ಸ್ಕ್ರೂ ಬಿಗಿದುಕೊಡುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಆ ತಲೆ ತಿರುಗಿದ ಟಿವಿ, ಆ ಪೆಪ್ಪರಮಿಂಟು, ಅಷ್ಟು ಚೆಂದ ಸುಳ್ಳು ಹೇಳಿದನೇ?

ಆದರೆ ಅಭ್ಯಾಸ ಎನ್ನುವುದು ಒಂದಿರುತ್ತದಲ್ಲ. ಹೊಂದಿದರೂ ಸಂಶಯ, ಹೊಂದದಿದ್ದರೂ ಸಂಶಯ. ಚಿದು ಅಲ್ಲವೆಂದರೆ, ಅದೇ ದಿನದ ಆ ಇನ್ನೊಂದು ಹೆಸರು ಯಾರದು? ಇನ್ನೊಂದನ್ನೂ ಎಳೆದಳು. ಅದು ಬಂದು ಮುಗಿಯುವ ಹೊತ್ತಿಗೆ ಇನ್ನೊಂದು ದಿನ ಕಳೆದಿತ್ತು.

ಬಾಳುವಿನ ಕಿವಿಯ ಮೇಲೆ ಪರಶುವಿನ ಕಿವಿಯನ್ನು ಇಟ್ಟಳು. ಎರಡಿದ್ದದ್ದು ಒಂದಾಯಿತು. ಎಷ್ಟು ತಿರುಗಿಸಿದರೂ ಒಂದೇ ಆಗಿ ಉಳಿಯಿತು.

ಮಂದಾಕಿನಿ ಕುರ್ಚಿಗೆ ಒರಗಿದಳು. ಅವನು ಸುಳ್ಳು ಹೇಳಿರಲಿಲ್ಲ. ಸ್ಕ್ಯಾನಿಗೆ ಅಂಜಿ ಅಳುವ ಹುಡುಗರಿಗೆಲ್ಲ ಈ ಹೆಂಗಸು ಅವರವರ ತಲೆಯನ್ನು ತಿರುಗಿಸಿ ತೋರಿಸಿದ್ದಾಳೆ. ಅವರಲ್ಲಿ ಒಬ್ಬ ಅವಳ ಮನೆಗೆ ಹೋದ. ಇನ್ನೊಬ್ಬನಿಗೆ ಅವಳನ್ನು ಬಿಟ್ಟರೆ ತಾಯಿ ಎಂದು ನೆನಪಿಡಲು ಬೇರೆ ಮುಖವೇ ಇರಲಿಲ್ಲ. ಮೂಗು ಒರೆಸಿಕೊಂಡು, ಹೊರಗೆಳೆದ ಎಲ್ಲ ಅಂಕಿಗಳನ್ನೂ ಅಳಿಸಿದಳು. ಆಮೇಲೆ ವರದಿಯಲ್ಲಿ ಒಂದೇ ಸಾಲು ಬರೆದಳು. ಆ ಸಾಲಿನಲ್ಲಿ ಸುಳ್ಳು ಎಳ್ಳಷ್ಟೂ ಇರಲಿಲ್ಲ.

*

ಪಡಸಾಲೆಗೆ ಬಂದಾಗ ಪರಶು ನಲ್ಲಿಯ ಹತ್ತಿರ ಇಂದುಮತಿಯ ಬಾಟಲಿಗೆ ನೀರು ಹಿಡಿಯುತ್ತಿದ್ದ.

“ಏನಂತು?” ಎಂದಳು ಇಂದುಮತಿ.

“ಅದು ಮುಟ್ಟಿದ ಯಂತ್ರರೀ ಅಮ್ಮಾರ. ಅದರ ಮಾತು ನಂಬಾಂಗಿಲ್ಲ. ಹಂಗ ಬರದೀನಿ.”

ಇಂದುಮತಿ ಆಕೆಯ ಮುಖವನ್ನು ನೋಡುತ್ತಾ ಕೂತಳು. ಬೆಳಕಿಗೆ ಫಿಲ್ಮು ಹಿಡಿದು ನೋಡಿಯೇ ಅರ್ಧ ಆಯುಷ್ಯ ಕಳೆದವಳಿಗೆ ಒಂದು ಮುಖ ಓದುವುದು ಕಷ್ಟವಾಗಲಿಲ್ಲ.

“ನೀವು ಸಂಶೇದ ಮನಷ್ಯಾರು. ಒಂದ ಫೈಲ್ ನೋಡಿ ಸುಮ್ನ ಕುಂತಿರಾಂಗಿಲ್ಲ,” ಎಂದಳು ಮೆಲ್ಲಗೆ. “ಅದರ ಕೆಳಗಿಂದೂ ನೋಡಿದ್ರಿ, ಹೌದಿಲ್ಲೋ?”

ಮಂದಾಕಿನಿ ನಲ್ಲಿಯ ಕಡೆ ನೋಡಿದಳು. 

“ಅವತ್ತು ಸ್ಕ್ಯಾನಿಗೆ ಅನಾಥಾಲಯದಿಂದ ಇಬ್ರು ಬಂದಿದ್ರು. ಇಬ್ರೂ ನನ್ನ ಸೆರಗು ಹಿಡಕೊಂಡ ನಿಂತಿದ್ರು. ನಮ್ಮ ಮನಿಯವ್ರು ಒಬ್ಬನ್ನ ಸಾಕೂದ ಕಷ್ಟೈತಿ ಅಂದ್ರು. ನಾ ಚಿದುನ್ನ ಕರಕೊಂಡ ಹೋದೆ. ಇನ್ನೊಂದು ಗೇಟಿನ ತನಕಾ ಬಂತು.” ಇಂದುಮತಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. “ಪ್ರತಿ ವರ್ಷ ಮೆಷೀನ್ ಹಚ್ಚಿದಾಗ ಎರಡು ಸಾಲು ಬರ್ತಿತ್ತು. ನಾ ಮ್ಯಾಲಿನ ಸಾಲಷ್ಟ ಓದತಿದ್ದೆ. ಇಂವ ಬಾಗ್ಲಿಗೆ ಬಂದ ದಿವಸನ ನಂಗ ಆ ಕೆಳಗಿನ ಸಾಲಿನಾಂವ ಇರಬಹುದು ಅಂತ ಸಂಶೇ ಬಂದಿತ್ತು. ಅದಕ್ಕ ಒಳಗ ಕರೀಲಿಕ್ಕೆ ಧೈರ್ಯ ಆಗಲಿಲ್ಲ.”

“ಮಂಡಳಿಯವ್ರು ಇವಗ ಹೆಸರು ಕೊಡಂಗಿಲ್ರಿ ಇನ್ನ.”

“ದತ್ತಕಕ್ಕ ಅರ್ಜಿ ಹಾಕ್ತೀನಿ. ಅದಕ್ಕ ಯಾವ ಮೆಷೀನೂ ಬೇಕಾಗಿಲ್ಲ. ಹಿಂದೊಮ್ಮೆ ಹಾಕಿ ಗೊತ್ತೈತಿ.”

“ಅವರಿಗೆ ಹೇಳ್ತೀರೇನು?”

“ಹೇಳಲಾರದ ಬಿಡ್ತೀನೇನು? ಮನಿಗೆ ಹೋಗಿ ಹೇಳ್ತೀನಿ. ಮದಲ ಒಳಗ ಬರ್ಲಿ, ಕುಂತು ಉಣ್ಣಲಿ.”

ಪರಶು ನೀರಿನ ಬಾಟಲಿ ಹಿಡಿದು ಬಂದ. ಇಬ್ಬರೂ ಸುಮ್ಮನಾದದ್ದನ್ನು ಕಂಡು ಅವನ ಮುಖ ಸಣ್ಣದಾಯಿತು. “ಆಗಲಿಲ್ಲೇನ್ರಿ?” ಎಂದ. ಉತ್ತರ ಬರುವ ಮೊದಲೇ ಮೂಲೆಯಲ್ಲಿದ್ದ ತನ್ನ ಚೀಲದ ಕಡೆ ನೋಡಿದ. ಹೊರಡಲು ಕಟ್ಟಿ ತಂದಿದ್ದ ಚೀಲ. ನಾಲ್ಕು ದಿನದಿಂದಲೂ ಅದು ಅಲ್ಲೇ ಇತ್ತು.

ಇಂದುಮತಿ ಬೆಂಚಿನ ಮೇಲೆ ಸರಿದು ಕೂತಳು. “ಇಲ್ಲೆ ಬಾ. ಕೂಡು. ಬಗ್ಗು.”

ಅವನು ಅರ್ಥವಾಗದೆ ಬಗ್ಗಿದ. ಅವಳು ಒಂದು ಕೈಯಿಂದ ಅವನ ತಲೆ ಹಿಡಿದು ಹತ್ತಿರ ಎಳೆದುಕೊಂಡು, ಇನ್ನೊಂದು ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಅವನ ಕಿವಿಗೆ ಬಾಯಿ ಹಚ್ಚಿದಳು. ಹಾಗೆ ಕೈ ಅಡ್ಡ ಹಿಡಿದು ಜನ ಏನು ಹೇಳುತ್ತಾರೆಂದು ಊರಿಗೇ ಗೊತ್ತು. ಮಂದಾಕಿನಿ ಮರ್ಯಾದೆಗೆ ಬೆನ್ನು ತಿರುಗಿಸಿ ಗೋಡೆ ನೋಡುತ್ತಾ ನಿಂತಳು.

ಆಮೇಲೆ ಪರಶುವಿನ ಒಡೆದ ದನಿ ಕೇಳಿಸಿತು: “ಇನ್ನೊಮ್ಮೆ ಹೇಳ್ರಿ.”

ಅವಳು ಇನ್ನೊಮ್ಮೆ ಹೇಳಿದಳು.